ಬ್ರೂಟಸ್‌ಗಳು ಇಬ್ಬರಿದ್ದರು

ಪ್ರಶ್ನೆ: ಮೇಷ್ಟ್ರೇ, ಯಾರಾದರೂ ಕೈಕೊಟ್ಟರೆ ‘ನೀನೂನಾ ಬ್ರೂಟಸ್’ ಅನ್ನುತ್ತೇವೆ. ಸೀಸರ್ ಸಾಯುವಾಗ ನಿಜಕ್ಕೂ ಹಾಗೆ ಹೇಳಿದ್ದನಾ? ಬ್ರೂಟಸ್ ಅವನಿಗೆ ಅಷ್ಟು ಹತ್ತಿರದವನಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಕಾಲೇಜಿನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ನಾನು ಕಾಸ್ಕಾ ಆಗಿದ್ದೆ, ರೋಮಿನ ದೊರೆಯಂತಿದ್ದ ಸೀಸರ್‌ನನ್ನು ಕೊಂದವರಲ್ಲಿ ಒಬ್ಬ. ಮೈಮೇಲೆ ಹಾಸ್ಟೆಲ್ ಬೆಡ್‌ಶೀಟು, ಕೈಯಲ್ಲಿ ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಚಾಕು. ಮೊದಲು ಇರಿಯುವವನು ನಾನು, ಚಪ್ಪಾಳೆ ಮಾತ್ರ ನೀವು ಹೇಳಿದ ಆ ಡೈಲಾಗಿಗೆ! ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಹಾಗಾಗಿ ಖುಷಿಯಿಂದಲೇ ಹೇಳುತ್ತೇನೆ, ಆ ಮಾತಿಗೆ ಗಟ್ಟಿ ಆಧಾರ ಇಲ್ಲ. ಅದನ್ನು ಮನೆಮಾತು ಮಾಡಿದ್ದು ಷೇಕ್ಸ್‌ಪಿಯರ್. ಸೀಸರ್ ಮೊದಲ ಏಟಿಗೆ ಒಮ್ಮೆ ನರಳಿದ, ಮಾತೇ ಆಡಲಿಲ್ಲ ಎಂದು ಬರೆದವನು ರೋಮಿನ ಚರಿತ್ರೆಕಾರ ಸುಯೆಟೋನಿಯಸ್. ‘ನೀನೂನಾ ಮಗೂ’ ಎಂದು ಗ್ರೀಕಿನಲ್ಲಿ ಅಂದನಂತೆ ಎನ್ನುವವರೂ ಇದ್ದಾರೆ ಅಂತ ಅವನೇ ಸೇರಿಸುತ್ತಾನೆ.

ಆದರೆ ಕಾಸ್ಕಾ ಪಾಡು ಕೇಳಿ. ಸೀಸರ್ ಅವನ ತೋಳು ಹಿಡಿದು, ಬರೆಯುವ ಕಡ್ಡಿಯಿಂದಲೇ ಚುಚ್ಚಿಬಿಟ್ಟ. ನಮ್ಮ ನಾಟಕದಲ್ಲಿ ಇದನ್ನು ಯಾರೂ ಮಾಡಿಸಲಿಲ್ಲ. ಪಿತೂರಿಯಲ್ಲಿ 60ಕ್ಕೂ ಜಾಸ್ತಿ ಜನ. ಆ ನೂಕುನುಗ್ಗಲಲ್ಲಿ ಅವರ ಚಾಕು ಅವರಿಗೇ ತಗುಲಿತು, ಬ್ರೂಟಸ್ ಕೈಗೂ ಗಾಯ. ಸೀಸರ್ ಮೈಮೇಲೆ 23 ಇರಿತ. ನೋಡಿದ ವೈದ್ಯ ಆಂಟಿಸ್ಟಿಯಸ್ ಪ್ರಕಾರ ಜೀವ ತೆಗೆದದ್ದು ಎದೆಗೆ ಬಿದ್ದ ಒಂದೇ ಒಂದು.

ಇನ್ನು ಹತ್ತಿರದವನ ವಿಷಯ. ನೀವು ಕೇಳಿದ ಮಾರ್ಕಸ್ ಬ್ರೂಟಸ್ ಒಂದು ಕಾಲಕ್ಕೆ ಸೀಸರ್ ವಿರುದ್ಧವೇ ಯುದ್ಧಕ್ಕೆ ನಿಂತು, ಸೋತು, ಕ್ಷಮೆ ಪಡೆದವನು. ಪಿತೂರಿಯಲ್ಲಿ ಇನ್ನೊಬ್ಬ ಬ್ರೂಟಸ್ ಇದ್ದ, ಡೆಸಿಮಸ್. ಗಾಲ್ (ಇಂದಿನ ಫ್ರಾನ್ಸ್ ಕಡೆ) ಯುದ್ಧದಲ್ಲಿ ಸೀಸರ್‌ನ ಹಡಗುಪಡೆ ನಡೆಸಿದವನು. ನನ್ನ ಸಿಟ್ಟೆಲ್ಲ ಇವನ ಮೇಲೆ.

ಕ್ರಿ.ಪೂ. 44ರ ಮಾರ್ಚ್ 14ರ ರಾತ್ರಿ, ಅಂದರೆ ಕೊಲೆಯ ಹಿಂದಿನ ರಾತ್ರಿ, ಸೀಸರ್‌ನ ಆಪ್ತ ಲೆಪಿಡಸ್ ಮನೆಯಲ್ಲಿ ಊಟ. ಸೀಸರ್ ಜೊತೆಗೆ ಡೆಸಿಮಸ್‌ನನ್ನೂ ಕರೆದುಕೊಂಡು ಹೋಗಿದ್ದ. ಎಂಥ ಸಾವು ಒಳ್ಳೆಯದು ಅಂತ ಅಲ್ಲಿ ಮಾತು ಬಂತು. ದಿಢೀರ್ ಸಾವು ಎಂದ ಸೀಸರ್. ನಾಳೆ ಏನಾಗಲಿದೆ ಎಂದು ಗೊತ್ತಿದ್ದೂ ಡೆಸಿಮಸ್ ಅದೇ ಊಟದ ಮನೆಯಲ್ಲಿದ್ದ!

ಬೆಳಗಾಯಿತು. ಹೆಂಡತಿ ಕಲ್ಪೂರ್ನಿಯಾಗೆ ಕೆಟ್ಟ ಕನಸು, ಹೋಗಬೇಡಿ ಎಂದು ಹಟ. ಸೀಸರ್ ಕೂಡ ಸೆನೆಟ್ ಎಂಬ ರೋಮಿನ ಹಿರಿಯರ ಸಭೆಗೆ ಬರಲ್ಲ ಎಂದು ಹೇಳಿ ಕಳಿಸುವುದರಲ್ಲಿದ್ದ. ಅವತ್ತು ತಪ್ಪಿದ್ದರೆ ಪಿತೂರಿಗಾರರಿಗೆ ಕಷ್ಟವಿತ್ತು, 18ಕ್ಕೆ ಸೀಸರ್ ಪಾರ್ಥಿಯಾ (ಇಂದಿನ ಇರಾನ್ ಕಡೆಯ ರಾಜ್ಯ) ಮೇಲೆ ದಂಡು ಹೊರಡುವುದಿತ್ತು. ಆಗ ಮನೆಗೆ ಬಂದವನು ಡೆಸಿಮಸ್. ಕನಸಿಗೆಲ್ಲ ಹೆದರಿದರೆ ಸೆನೆಟಿನವರು ನಗುವುದಿಲ್ಲವೇ ಎಂದು ಚುಚ್ಚಿ, ಕೈಹಿಡಿದು ಹೊರಡಿಸಿದ. ಸಭೆ ಇದ್ದದ್ದು ಸೀಸರ್‌ನ ಹಳೆಯ ಎದುರಾಳಿ ಪಾಂಪೆ ಕಟ್ಟಿಸಿದ ರಂಗಮಂದಿರದ ಪಕ್ಕದ ಹಾಲಿನಲ್ಲಿ. ದಾರಿಯಲ್ಲಿ ಆರ್ಟೆಮಿಡೋರಸ್ ಎಂಬಾತ ಪಿತೂರಿಯ ವಿವರ ಬರೆದ ಚೀಟಿ ಕೊಟ್ಟ. ಜನರ ಗದ್ದಲದಲ್ಲಿ ಸೀಸರ್‌ಗೆ ಅದನ್ನು ಬಿಡಿಸಿ ಓದಲು ಆಗಲೇ ಇಲ್ಲ.

ಆಮೇಲೆ ಸೀಸರ್‌ನ ಉಯಿಲು ಓದಿದರು. ರೋಮಿನ ಪ್ರತಿ ನಾಗರಿಕನಿಗೂ ದುಡ್ಡು ಬರೆದಿಟ್ಟಿದ್ದ. ಮೊದಲ ವಾರಸುದಾರರು ಇಲ್ಲದೇ ಹೋದರೆ ಆಸ್ತಿ ಯಾರಿಗೆ ಎಂಬ ಪಟ್ಟಿಯೂ ಅದರಲ್ಲಿತ್ತು. ಅಲ್ಲಿ ಡೆಸಿಮಸ್ ಹೆಸರು ಬಂದಾಗ ಸೇರಿದ್ದ ಜನಕ್ಕೆ ತಡೆಯಲಾಗಲಿಲ್ಲ.