ಸಹಿ ಹಾಕುವ ಮೊದಲು ಸಂಬಳದ ಚೀಟಿ ನೋಡಿ

‘ರಾಜೀನಾಮೆ ಬರ್ಕೊಡಮ್ಮ, ಪಿಎಫ್ ದುಡ್ಡು ಹೆರಿಗೆ ಖರ್ಚಿಗಾಗುತ್ತೆ. ಮಗು ಸ್ವಲ್ಪ ದೊಡ್ಡದಾದ್ಮೇಲೆ ಮತ್ತೆ ಸೇರ್ಕೊ.’ ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಂದ ಆಪ್ತಸಲಹೆಗೆ ಬರುವ ಗರ್ಭಿಣಿಯರ ಬಾಯಲ್ಲಿ ಕಾರ್ಖಾನೆಯವರ ಈ ಮಾತು ಎಷ್ಟು ಸಲ ಕೇಳಿಬರುತ್ತದೆಂದರೆ, ಒಂದು ಪ್ರಕರಣವನ್ನಾದರೂ ಬರೆದಿಡಬೇಕಾಯಿತು. ಗುರುತು ಹತ್ತುವ ವಿವರಗಳನ್ನು ಬದಲಿಸಿದೆ.

ಆಕೆ ಚೆಕಿಂಗ್ ವಿಭಾಗದವರು, ದಿನವಿಡೀ ನಿಂತೇ ಕೆಲಸ. ಸೇರಿ 4 ವರ್ಷ 4 ತಿಂಗಳು. ಮೊದಲ ಬಸಿರು, ಐದು ತಿಂಗಳು ತುಂಬಿತ್ತು. ನಿದ್ದೆ ಬರುತ್ತಿಲ್ಲವೆಂದು ಬಂದಿದ್ದರು.

ಕೆಲಸ ಹೋಗುವ ಭಯವಿರಬೇಕು ಎಂದುಕೊಂಡದ್ದು ತಪ್ಪಾಗಿತ್ತು. ಎರಡನೇ ಭೇಟಿಯಲ್ಲಿ ಆಕೆ ಹೇಳಿದ್ದು: “ಆರು ತಿಂಗಳು ಕೆಲ್ಸ ಮಾಡ್ದೆ ಅವರ ಸಂಬಳ ತಿನ್ನೋದು ನಂಗೇ ಸರಿ ಕಾಣಲ್ಲ ಮೇಡಂ. ಸೂಪರ್‌ವೈಸರ್ ಅಣ್ಣ ಒಳ್ಳೆಯವ್ರು ಬೇರೆ.” ನಿದ್ದೆ ಕೆಡಿಸಿದ್ದು ಋಣದ ಭಾವ. ಅದನ್ನು ಸಮಾಧಾನದ ಮಾತಿನಿಂದ ತೆಗೆಯಲಾಗದು, ಲೆಕ್ಕದಿಂದ ತೆಗೆಯಬಹುದು. ಸಂಬಳದ ಚೀಟಿ ತರಿಸಿದೆ.

ವೇತನ 13,000. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ 98 ರೂಪಾಯಿ, ಅಂದರೆ ಶೇ 0.75. ಕಾರ್ಖಾನೆ ಕಟ್ಟುವುದು ಶೇ 3.25. ಇಎಸ್‌ಐ ಇದ್ದವರಿಗೆ 26 ವಾರಗಳ ಹೆರಿಗೆ ಭತ್ಯೆ ಕೊಡುವುದು ಇಎಸ್‌ಐ ನಿಗಮ, ಕಾರ್ಖಾನೆಯಲ್ಲ. “ಹಂಗಾದ್ರೆ ಇದು ನಾನೇ ಕಟ್ಟಿದ ಚೀಟಿ ದುಡ್ಡು!” ಎಂದರು. ಪೂರ್ತಿ ಸರಿಯಲ್ಲ, ಆದರೂ ತಿದ್ದಲು ಹೋಗಲಿಲ್ಲ.

ಮತ್ತೆ ರಾಜೀನಾಮೆಗೆ ಕಾರ್ಖಾನೆಗೇಕೆ ಅವಸರ? ರಜೆ ಕೊಟ್ಟರೆ ಆ ಜಾಗ ಕಾದಿಡಬೇಕು, ಮರಳಿದ ಮೇಲೆ ಶಿಶುಪಾಲನಾ ಕೊಠಡಿಗೆ ದಿನಕ್ಕೆ ನಾಲ್ಕು ಸಲ ಬಿಡಬೇಕು. ಗ್ರಾಚ್ಯುಟಿಯೂ ಇದೆ, ಐದು ವರ್ಷ ಸೇವೆ ತುಂಬಿಸಿ ಬಿಡುವವರಿಗೆ ಕಾರ್ಖಾನೆ ಕೊಡಬೇಕಾದ ಇಡಿಗಂಟು. ಹೆರಿಗೆ ರಜೆಯೂ ಸೇವೆಯಲ್ಲೇ ಸೇರುವುದರಿಂದ, ರಜೆ ಮುಗಿಯುವ ಹೊತ್ತಿಗೆ ಆಕೆಗೆ ಐದು ವರ್ಷ ತುಂಬುತ್ತದೆ: ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನವೆಂದು ಲೆಕ್ಕ ಹಾಕಿದರೆ 7,500, ಐದು ವರ್ಷಕ್ಕೆ 37,500 ರೂಪಾಯಿ. ರಾಜೀನಾಮೆ ಕೊಟ್ಟು ಮತ್ತೆ ಸೇರಿದರೆ ಹೊಸ ಟೋಕನ್ ನಂಬರ್, ಸೇವೆ ಸೊನ್ನೆಯಿಂದ.

ಕೊಟ್ಟ ಸಲಹೆ ಇಷ್ಟು. ಖಾಲಿ ಹಾಳೆಗಾಗಲಿ ಪಿಎಫ್ ಫಾರಂಗಾಗಲಿ ಸಹಿ ಬೇಡ. ರಜೆ ಅರ್ಜಿ ಕನ್ನಡದಲ್ಲೇ, ಎರಡು ಪ್ರತಿ: ಹೆರಿಗೆಯ ಅಂದಾಜು ದಿನಾಂಕ, ರಜೆ ಯಾವತ್ತಿನಿಂದ (ಎಂಟು ವಾರ ಮೊದಲೇ ಶುರು ಮಾಡಬಹುದು), ಅಲ್ಲಿಯವರೆಗೆ ಕೂತು ಮಾಡುವ ಕೆಲಸ. ಜೊತೆಗೆ ತಾಯಿ ಕಾರ್ಡ್‌ನ ಜೆರಾಕ್ಸ್. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳುವುದು, ಹಾಕದಿದ್ದರೆ ಸ್ವೀಕೃತಿ ಸಮೇತ ಅಂಚೆಯಲ್ಲಿ ಕಳಿಸುವುದು. ಹೆಚ್ಚಿನವರು ಎಡವುವುದು ಇದಾದ ಮೇಲೆ: ಬೈಗುಳಕ್ಕೆ ಬೇಸತ್ತು ಹೇಳದೆ ಕೇಳದೆ ಊರಿಗೆ ಹೋಗಿಬಿಡುತ್ತಾರೆ. ‘ಗೈರುಹಾಜರಿ’ ನೋಟಿಸ್ ಬಾಡಿಗೆ ಮನೆಯ ಬಾಗಿಲಿಗೆ ಬಂದು ವಾಪಸಾಗುತ್ತದೆ. ರಜೆ ಶುರುವಾಗುವ ದಿನದವರೆಗೆ ಹಾಜರಿ ತಪ್ಪಿಸಬಾರದು.

ನೇರ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿಸಬಾರದಿತ್ತೇ ಎಂದು ಸಂಘದ ಗೆಳತಿಯರು ಕೇಳಿದ್ದುಂಟು. ಕೊಡಬಹುದು, ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರವೇ. ಆದರೆ ಕೈಯಲ್ಲಿ ಕಾಗದವಿಲ್ಲದೆ ಹೋದರೆ ‘ಅವರೇ ಬಿಟ್ಟು ಹೋದರು’ ಎಂಬ ಒಂದೇ ಮಾತಿಗೆ ದೂರು ಸೋಲುತ್ತದೆ. ಮೊದಲು ಕಾಗದ, ಆಮೇಲೆ ದೂರು ಎಂಬ ಅನುಕ್ರಮವನ್ನು ಈಗಲೂ ಬದಲಿಸಲಾರೆ.

ಎಚ್‌ಆರ್‌ನವರು ಸೀಲು ಹಾಕಲಿಲ್ಲ. ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಚುಟುಕು ಸಹಿ, ದಿನಾಂಕ ಹಾಕಿದರು. ಅಷ್ಟು ಸಾಕಾಯಿತು. ಮರುವಾರ ಆಕೆಯನ್ನು ದಾರ ಕತ್ತರಿಸುವ ಟೇಬಲ್ಲಿಗೆ ಕೂರಿಸಿದರು.