ತಲೆಗೆ ಪೆಟ್ಟು ಬಿದ್ದು ನಾಲ್ಕು ತಿಂಗಳಾತು, ತಲೆನೋವು-ಸುತ್ತು ಹೋಗವಲ್ದು. ಪ್ರಾಣಾಯಾಮದಿಂದ ಉಪಯೋಗ ಆಗ್ತದೇನ್ರಿ?

ಆಗ್ತದ. ಆದರೆ ಎಲ್ಲ ಪ್ರಾಣಾಯಾಮದಿಂದ ಅಲ್ಲ.

ಸ್ಕ್ಯಾನ್ ನಾರ್ಮಲ್ ಬಂದಿದೆ, ಮನೆಯವರು "ಎಲ್ಲಾ ನಿನ್ನ ಮನಸ್ಸಿನಾಗ ಐತಿ" ಅಂತಾರೆ ಎಂದು ಬರೆದಿದ್ದೀರಿ. ನನಗೂ ಹಾಗೇ ಅಂದಿದ್ದರು. ಸಿ.ಟಿ.ಯಲ್ಲಿ ನೋಡುವುದು ರಕ್ತಸ್ರಾವ, ಬುರುಡೆಯ ಬಿರುಕು ಇಂಥವನ್ನು. ಕನ್ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಆಗುವ ತೊಂದರೆ) ಅದರಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಸ್ಕೂಟರಿಗೆ ಹಂದಿ ಅಡ್ಡ ಬಂತು (ನಮ್ಮೂರವರಿಗೆ ಇದು ಸುದ್ದಿಯೇ ಅಲ್ಲ). ಹೆಲ್ಮೆಟ್ ಇತ್ತು, ಎಚ್ಚರ ತಪ್ಪಲಿಲ್ಲ. ಅವ್ವ ಕಿಟಕಿಗೆ ಕೌದಿ ಕಟ್ಟಿ "ಸುಮ್ಮ ಮಲ್ಕೊ" ಅಂದಳು. ಮೂರು ವಾರ ಕತ್ತಲಲ್ಲೇ ಮಲಗಿದೆ, ಕಡೆಗೆ ಪಾತ್ರೆ ಸಪ್ಪಳಕ್ಕೂ ಬೆಚ್ಚಿಬೀಳುವಂತಾಯಿತು. ಪೂರ್ತಿ ವಿಶ್ರಾಂತಿ ಬೇಕಾದದ್ದು ಮೊದಲ ಒಂದೆರಡು ದಿನ ಮಾತ್ರ, ಆಮೇಲೆ ಸಣ್ಣಗೆ ಓಡಾಡಬೇಕು ಅಂತ ತಿಳಿದದ್ದು ಫಿಜಿಯೋಥೆರಪಿಸ್ಟ್ ಹತ್ತಿರ ಹೋದ ಮೇಲೆ.

ಉಣಕಲ್ ಕೆರೆ ದಂಡೆಗೆ ನಡೆಯಲು ಶುರು ಮಾಡಿದೆ, ಮೊದಲ ದಿನ 8 ನಿಮಿಷ. ತಲೆನೋವಿಗೆ 0ರಿಂದ 10ರವರೆಗೆ ಅಂಕ ಕೊಡುವುದು. ನಡೆದಾಗ ಮೊದಲಿದ್ದದ್ದಕ್ಕಿಂತ 2 ಅಂಕದೊಳಗೆ ಏರಿ, ತಾಸಿನೊಳಗೆ ಇಳಿದರೆ ಚಿಂತೆಯಿಲ್ಲ; ಅದಕ್ಕಿಂತ ಹೆಚ್ಚಾದರೆ ಮರುದಿನ ನಡಿಗೆ ಕಡಿಮೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೂ ಇದೇ ಲೆಕ್ಕ: ಮೊದಲು ನವನಗರದ ತನಕ, ತಿಂಗಳಾದ ಮೇಲೆ ಧಾರವಾಡ.

ಉಸಿರಾಟ ಅಂದರೆ, ಎಣಿಸುತ್ತಾ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ. ನಿಮಿಷಕ್ಕೆ 6 ಉಸಿರು, ಹತ್ತು ನಿಮಿಷ. ಪೆಟ್ಟಾದ ಮೇಲೆ ಎದೆಬಡಿತ, ರಕ್ತದೊತ್ತಡ ನೋಡಿಕೊಳ್ಳುವ ನರವ್ಯವಸ್ಥೆ ಹಳಿ ತಪ್ಪಿರಬಹುದು. ಉಸಿರನ್ನು ನಿಧಾನ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಗಾಬರಿಯೂ ಇಳಿಯುತ್ತದೆ. ನನಗೆ ತಲೆನೋವಿಗಿಂತ "ಇದು ಹೋಗೋದೇ ಇಲ್ಲೇನೋ" ಅನ್ನುವ ಗಾಬರಿಯೇ ಹೆಚ್ಚು ಕಾಡಿತ್ತು. ರಾತ್ರಿ ಯೋಗನಿದ್ರೆ (ಮಲಗಿ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಟ್ಟು ಸಡಿಲ ಬಿಡುವುದು) ಮಾಡುತ್ತಿದ್ದೆ. ಅರ್ಧಕ್ಕೇ ನಿದ್ದೆ ಹತ್ತಿದರೆ ಲಾಭವೇ.

ಯೋಗದ ಕ್ಲಾಸಿನಲ್ಲಿ ಉತ್ಸಾಹದಿಂದ ಕಪಾಲಭಾತಿ (ಉಸಿರನ್ನು ರಭಸದಿಂದ ಹೊರದೂಡುವುದು) ಮಾಡಿಸಿದರು. ಎರಡು ದಿನ ಹಾಸಿಗೆ ಹಿಡಿದೆ. ಅದು, ಅದರಂತೆಯೇ ರಭಸದ ಉಸಿರಾಟವಾದ ಭಸ್ತ್ರಿಕಾ, ಶೀರ್ಷಾಸನ ಸದ್ಯ ಬೇಡ. ಭ್ರಾಮರಿ (ದುಂಬಿಯಂತೆ ಸದ್ದು ಮಾಡುತ್ತಾ ಉಸಿರು ಬಿಡುವುದು) ಎಷ್ಟೋ ಮಂದಿಗೆ ಹಿತ, ನನಗೆ ಮಾತ್ರ ಆ ಗುಂಯ್ ಸದ್ದು ತಲೆಯೊಳಗೇ ಕೊರೆದಂತಾಗಿ ಬಿಟ್ಟೆ.

ನೋವಿನ ಗುಳಿಗೆ ದಿನಾ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ತಿಂಗಳಲ್ಲಿ 15 ದಿನ ನುಂಗಿದರೆ ಗುಳಿಗೆಯೇ ತಲೆನೋವು ತರಬಹುದು. ಕುತ್ತಿಗೆಯನ್ನೂ ತೋರಿಸಿ, ನನ್ನ ಅರ್ಧ ನೋವು ಅಲ್ಲಿಂದಲೇ ಬರುತ್ತಿತ್ತು. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿ, ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್ ಕಂಡರೆ ಉಸಿರು ಎಣಿಸುತ್ತಾ ಕೂಡಬೇಡಿ, ತಕ್ಷಣ ದವಾಖಾನೆಗೆ ಹೋಗಿ.

ಒಂದು ತಿಳಿಸ್ರಿ: ಮಲಗಿ ಮಗ್ಗಲು ಬದಲಿಸಿದಾಗ ಕೆಲವೇ ಸೆಕೆಂಡ್ ಜೋರಾಗಿ ಸುತ್ತುತ್ತದೆಯೇ? ಹಾಗಿದ್ದರೆ ಅದು ಒಳಗಿವಿಯ ಹರಳು ಜಾರಿದ್ದಿರಬಹುದು. ಅದಕ್ಕೆ ಪ್ರಾಣಾಯಾಮ ಮುಟ್ಟುವುದಿಲ್ಲ. ಕಿವಿ ಡಾಕ್ಟರು ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನು ಜಾಗಕ್ಕೆ ಕೂರಿಸುತ್ತಾರೆ, ಹತ್ತು ನಿಮಿಷದ ಕೆಲಸ.