ಫ್ರೆಟ್ಟಿನ ಬುಡಕ್ಕೂ ಸಾಫ್ಟ್, ಹಲ್ಲಿನ ಬುಡಕ್ಕೂ ಸಾಫ್ಟ್

ಎಲ್ಲರಿಗೂ ನಮಸ್ಕಾರ. ನಮ್ಮ ಗಿಟಾರ್ ಗುಂಪಿನಲ್ಲಿ ಗದಗಿನ ತಮ್ಮ ಕೇಳಿದ್ದು ಸಣ್ಣ ಪ್ರಶ್ನೆ: ಹಲ್ಲುಜ್ಜಿ ಬಿಟ್ಟ ಹಳೆ ಬ್ರಷ್‌ನಿಂದ ಫ್ರೆಟ್‌ಬೋರ್ಡ್ ಉಜ್ಜಬಹುದಾ, ಹಾರ್ಡ್ ಬೇಕಾ ಸಾಫ್ಟ್ ಬೇಕಾ ಅಂತ. (ಫ್ರೆಟ್‌ಬೋರ್ಡ್ ಅಂದರೆ ಗಿಟಾರಿನ ತಂತಿಯ ಕೆಳಗೆ ಬೆರಳು ಒತ್ತುವ ಮರದ ಪಟ್ಟಿ, ಫ್ರೆಟ್ಟು ಅಂದರೆ ಅದರ ಮೇಲಿನ ಅಡ್ಡ ಲೋಹದ ಗೆರೆ.) ಅಲ್ಲಿಂದ ಮಾತು ಎಲ್ಲಿಗೋ ಹೋಯಿತು. "ಗಿಟಾರಿಗೆ ಸಾಫ್ಟ್, ಹಲ್ಲಿಗೆ ಹಾರ್ಡ್" ಅಂದರು ಒಬ್ಬರು. ಎಲ್ಲರೂ ನಕ್ಕರು. ನಡುವೆ ರಾಣೆಬೆನ್ನೂರಿನ ಅಣ್ಣ ಬರೆದಿದ್ದರು: "ನನಗೆ ಬ್ರಷ್ ಮಾಡಿದರೆ ವಸಡಿನಿಂದ ರಕ್ತ ಬರ್ತದ, ಅದಕ್ಕೇ ಆ ಕಡೆ ಮುಟ್ಟೋದೇ ಇಲ್ಲ." ಆ ಮಾತನ್ನು ಯಾರೂ ಹಿಡಿದುಕೊಳ್ಳಲಿಲ್ಲ. ನನಗೆ ಬಿಡಲಾಗುತ್ತಿಲ್ಲ. ನಾಲ್ಕು ವರ್ಷ ನಾನೂ ಹಾಗೇ ಮಾಡಿದ್ದೆ.

ಮೊದಲು ಗಿಟಾರಿನ ಮಾತು. ತಮ್ಮಾ, ಸಾಫ್ಟ್ ಬ್ರಷ್ಷೇ ತಗೋ. ತಂತಿ ಬಿಚ್ಚಿ, ಒಣ ಬ್ರಷ್‌ನಿಂದ ಫ್ರೆಟ್ಟಿನ ಉದ್ದಕ್ಕೂ ಎಳಿ. ಬೆರಳಿನ ಬೆವರು, ಧೂಳು ಸೇರಿ ಆದ ಕಪ್ಪು ಕೊಳೆ ಮರದ ನಡುವೆ ಜಾಸ್ತಿ ಇರುವುದಿಲ್ಲ. ಫ್ರೆಟ್ಟು ಮರಕ್ಕೆ ಸೇರುವ ಮೂಲೆಯಲ್ಲಿ ಕೂತಿರುತ್ತದೆ. ಆಮೇಲೆ ಬಟ್ಟೆಯಲ್ಲಿ ಒರೆಸು. ರೋಸ್‌ವುಡ್ ಆದರೆ ಅಂಗಡಿಯಲ್ಲಿ ಸಿಗುವ ಲೆಮನ್ ಆಯಿಲ್ ಎರಡು ಹನಿ ಹಾಕಿ ಕೂಡಲೇ ಒರೆಸಿಬಿಡು, ವರ್ಷಕ್ಕೆ ಎರಡು ಸಲ ಸಾಕು. ನಿಂಬೆಹಣ್ಣಿನ ರಸ ಬೇಡ, ಅದು ಹುಳಿ. ಮನೆಯ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಯೂ ಬೇಡ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ವಾರ್ನಿಷ್ ಇರುವ ಮೇಪಲ್ ಬೋರ್ಡಿಗೆ ಯಾವ ಎಣ್ಣೆಯೂ ಬೇಕಿಲ್ಲ. ಟೂತ್‌ಪೇಸ್ಟ್ ಹಚ್ಚಿ ಫ್ರೆಟ್ ಹೊಳೆಸುವ ಐಡಿಯಾವನ್ನು ಇನ್ನೊಬ್ಬರು ಕೊಟ್ಟಿದ್ದರು. ಅದೂ ಬೇಡ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಅದು ರೋಸ್‌ವುಡ್ಡಿನ ಸಣ್ಣ ಸಣ್ಣ ರಂಧ್ರದಲ್ಲಿ ಬಿಳಿಯಾಗಿ ಕೂತರೆ ತೆಗೆಯುವುದು ಕಷ್ಟ.

ಈಗ ಹಲ್ಲು. ಅಲ್ಲೂ ಕೊಳೆ ಕೂರುವುದು ಅಂಥದ್ದೇ ಮೂಲೆಯಲ್ಲಿ. ಹಲ್ಲು ವಸಡಿಗೆ ಸೇರುವ ಗೆರೆ ಇದೆಯಲ್ಲ, ಅಲ್ಲಿ. ನಾವು ಉಜ್ಜುವುದು ಮಾತ್ರ ಕನ್ನಡಿಯಲ್ಲಿ ಕಾಣುವ ನಡುಭಾಗವನ್ನು. ಗೆರೆಯಲ್ಲಿ ಉಳಿದ ಪಾಚಿಯಲ್ಲಿ ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ, ವಸಡು ಕೆಂಪಾಗಿ ಉಬ್ಬುತ್ತದೆ, ಮುಟ್ಟಿದರೆ ರಕ್ತ. ಅಂದರೆ ರಕ್ತ ಬರುವುದು ಬಹಳ ಸಲ ಬ್ರಷ್ ತಾಗಿದ್ದಕ್ಕಲ್ಲ, ಇಷ್ಟು ದಿನ ತಾಗದೇ ಇದ್ದದ್ದಕ್ಕೆ. ಅಣ್ಣಾರ, ಆ ಜಾಗ ಬಿಟ್ಟಷ್ಟೂ ರಕ್ತ ಹೆಚ್ಚುತ್ತದೆ. ಪಾಚಿಗೆ ಬಾಯಿ ನೀರಿನ ಸುಣ್ಣದ ಅಂಶ ಸೇರಿ ಕೆಲವೇ ದಿನದಲ್ಲಿ ಕಲ್ಲಾಗುತ್ತದೆ. ಡಾಕ್ಟರು ಟಾರ್ಟರ್ ಅನ್ನುವುದು ಅದಕ್ಕೇ. ಕಲ್ಲಾದ ಮೇಲೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ, ಹಾರ್ಡ್ ಬ್ರಷ್ಷಿಗೂ ಅಷ್ಟೇ. ಹಾರ್ಡ್ ಬ್ರಷ್ ಹಾಕಿ ಅಡ್ಡಡ್ಡ ತಿಕ್ಕಿದರೆ ವಸಡು ಮೇಲೆ ಸರಿಯುತ್ತದೆ, ಹಲ್ಲಿನ ಬುಡ ಸವೆದು ತಣ್ಣೀರು ಕುಡಿದರೂ ಜುಮ್ ಅನ್ನುತ್ತದೆ. ಇದ್ದಿಲು, ಉಪ್ಪು ಹಾಕಿ ತಿಕ್ಕಿದರೂ ಇದೇ ಕಥೆ.

ನಾನು ಕೊನೆಗೂ ತೋರಿಸಲು ಹೋದ ದಿನ ಚೆನ್ನಾಗಿ ನೆನಪಿದೆ. ಡಾಕ್ಟರು ತೆಳ್ಳಗಿನ ಕಡ್ಡಿಯೊಂದನ್ನು ವಸಡಿಗೂ ಹಲ್ಲಿಗೂ ನಡುವೆ ಮೆಲ್ಲಗೆ ಇಳಿಸಿದರು. ಕಡ್ಡಿಯ ಮೇಲೆ ಮಿಲಿಮೀಟರ್ ಗೆರೆ. ಪಕ್ಕದಲ್ಲಿ ಒಬ್ಬ ಹುಡುಗಿ ಬರೆದುಕೊಳ್ಳುತ್ತಿದ್ದಳು. "ಎರಡು, ಮೂರು, ಎರಡು" ಅಂತ ಹೇಳುತ್ತಾ ಬಂದವರು ಎಡಗಡೆ ಕೆಳಗಿನ ದವಡೆಗೆ ಬಂದಾಗ "ಐದು" ಅಂದರು, ಆಮೇಲೆ "ಆರು". ಮೂರರವರೆಗೆ ಚಿಂತೆಯಿಲ್ಲ, ನಾಲ್ಕು ದಾಟಿದರೆ ವಸಡು ಹಲ್ಲನ್ನು ಬಿಟ್ಟು ಜೇಬಿನಂತೆ ಆಗಿದೆ ಅಂತ ಅರ್ಥ. 12ನೇ ಫ್ರೆಟ್ಟಿನ ಮೇಲೆ ತಂತಿ ಅರ್ಧ ಮಿಲಿಮೀಟರ್ ಎತ್ತರವಾದರೆ ನಿದ್ದೆ ಬಾರದವನು ನಾನು. ಬಾಯಲ್ಲಿ ಆರು ಮಿಲಿಮೀಟರ್ ಇಟ್ಟುಕೊಂಡು ಓಡಾಡುತ್ತಿದ್ದೆ. ನೋವು ಇರಲಿಲ್ಲ ನೋಡಿ, ಅದೇ ಮೋಸ. ವಸಡು ಬರೀ ಊದಿದ್ದರೆ ಪೂರ್ತಿ ವಾಸಿಯಾಗುತ್ತದೆ. ಒಳಗಿನ ಮೂಳೆ ಕರಗಲು ಶುರುವಾದರೆ ಅದು ತಾನಾಗಿ ವಾಪಸ್ ಬರುವುದಿಲ್ಲ. ಸವೆದ ಫ್ರೆಟ್ಟಾದರೆ ಹೊಸದು ಹಾಕಿಸಬಹುದು.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ" ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಾನೂ ಅದಕ್ಕೇ ಹೆದರಿದ್ದೆ. ಸ್ಕೇಲಿಂಗ್, ಅಂದರೆ ಆ ಕಲ್ಲು ತೆಗೆಸುವುದು, ಆದ ಮೇಲೆ ನಾಲಿಗೆಗೆ ಸಂದಿ ಸಿಕ್ಕಿದ್ದು ನಿಜ. ಆದರೆ ಆ ಸಂದಿಯಲ್ಲಿ ಮೊದಲು ಇದ್ದದ್ದು ಹಲ್ಲಲ್ಲ, ಕಲ್ಲು. ಕೆಲವು ದಿನ ಜುಮ್ ಅಂದಿತು, ಆಮೇಲೆ ಸರಿಯಾಯಿತು.

ಉಜ್ಜುವ ರೀತಿ ಹೇಳುತ್ತೇನೆ, ಗಿಟಾರ್ ಹಿಡಿಯುವವರಿಗೆ ಸುಲಭ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಪಿಕ್ ಹಿಡಿದಷ್ಟು ಹಗುರವಾಗಿ ಹಿಡಿಯಿರಿ. ಎಳೆಗಳು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಇರಲಿ, ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿಗೆ. ಅಲ್ಲೇ ಸಣ್ಣಗೆ ನಡುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಎಳೆಯಿರಿ. ತಂತಿ ಒತ್ತಿದ ಬೆರಳು ವೈಬ್ರಾಟೋ ಮಾಡುವಷ್ಟೇ, ಅಂದರೆ ನಿಂತಲ್ಲೇ ನಡುಗುವಷ್ಟೇ ಅಲುಗಾಟ ಸಾಕು. ತಾಳ ಹೊಡೆಯುವ ಮೆಟ್ರೋನೋಮ್ ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ 30 ಬೀಟ್. ಎರಡು ನಿಮಿಷ ಸರಿಯಾಗಿ ಆಗುತ್ತದೆ. ನಾನು ಮೊದಲ ದಿನ ಹೀಗೆ ಲೆಕ್ಕ ಹಾಕಿದಾಗ ಅಷ್ಟು ದಿನ ಮುಕ್ಕಾಲು ನಿಮಿಷವೂ ಉಜ್ಜಿರಲಿಲ್ಲ ಅಂತ ಗೊತ್ತಾಯಿತು. ಫ್ಲೋರೈಡ್ ಪೇಸ್ಟ್ ಕಡಲೆಕಾಳಿನಷ್ಟು ಸಾಕು. ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಡಿ, ಆ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಲಿ. ದಿನಕ್ಕೆ ಎರಡು ಸಲ, ರಾತ್ರಿಯದ್ದನ್ನು ಮಾತ್ರ ತಪ್ಪಿಸಲೇಬೇಡಿ. ಪ್ರಾಕ್ಟೀಸ್ ಮುಗಿಸಿ ಚಹಾ, ಪೇಡಾ ಆದ ಮೇಲೆ ಹಾಗೇ ಮಲಗಿದರೆ ಹಲ್ಲಿಗೆ ಇಡೀ ರಾತ್ರಿ ಅದೇ ಕೆಲಸ.

ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ. ಸಂದಿ ಬಿಗಿ ಇದ್ದರೆ ಫ್ಲಾಸ್ ದಾರ, ಅಗಲ ಇದ್ದರೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತೆ ಇರುವ ಸಣ್ಣ ಬ್ರಷ್. ಮೆಡಿಕಲ್ ಶಾಪಿನಲ್ಲಿ ಕೇಳಿ. ಮೂರು ತಿಂಗಳಿಗೆ ಬ್ರಷ್ ಬದಲಿಸಿ, ಎಳೆ ಬಾಗಿದರೆ ಅದಕ್ಕೂ ಮೊದಲೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬ್ರಷ್ಷಿಗೆ ಮುಚ್ಚಳ ಹಾಕಿಡಬೇಡಿ, ಗಾಳಿಗೆ ನಿಲ್ಲಿಸಿ. ತಂತಿ ತುಕ್ಕು ಹಿಡಿಯುವ ಹವೆಯಲ್ಲಿ ಬ್ರಷ್ ಎಲ್ಲಿ ಒಣಗುತ್ತದೆ, ಅಲ್ವಾ?

ಹಳೆ ಬ್ರಷ್ ಗಿಟಾರಿಗೆ ಹೋದರೆ ನನಗೆ ಖುಷಿಯೇ, ಎರಡಕ್ಕೂ ನಂಟಿದೆ. ಮೊದಲು ಬ್ರಷ್ಷಿಗೆ ಹಂದಿಯ ಕೂದಲು ಹಾಕುತ್ತಿದ್ದರು, ಗಿಟಾರಿಗೆ ಕುರಿಯ ಕರುಳಿನ ತಂತಿ. 1938ರಲ್ಲಿ ಡುಪಾಂಟ್ ಕಂಪನಿಯ ನೈಲಾನ್ ಮೊದಲು ಬಂದದ್ದು ಹಲ್ಲಿನ ಬ್ರಷ್ಷಿನ ಎಳೆಯಾಗಿ. ಎರಡನೇ ಮಹಾಯುದ್ಧದ ಕಾಲಕ್ಕೆ ಕರುಳಿನ ತಂತಿ ಸಿಗದಾಯಿತು. ಆಗ ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಅಗಸ್ಟೀನ್ ಅದೇ ನೈಲಾನಿನಿಂದ ಗಿಟಾರ್ ತಂತಿ ಮಾಡಿದರು. ಅದನ್ನು ನುಡಿಸಿ ಮೆಚ್ಚಿದವರು ಸ್ಪೇನಿನ ಹೆಸರಾಂತ ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯಾ. ಕ್ಲಾಸಿಕಲ್ ಗಿಟಾರ್ ಇರುವವರು ಕೆಳಗಿನ ಮೂರು ತಂತಿ ಮುಟ್ಟಿ ನೋಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ತಮಾಷೆ ಮಾಡಬೇಡಿ. ಕಾರ್ಯಕ್ರಮದ ನಡುವೆ ಗುಟ್ಕಾ, ಅಡಿಕೆ ಹಾಕಿಕೊಳ್ಳುವ ತಮ್ಮಂದಿರು ನಮ್ಮಲ್ಲಿ ಇದ್ದಾರೆ. ಅಡಿಕೆಯಿಂದ ಕೆನ್ನೆಯ ಒಳಭಾಗ ಗಟ್ಟಿಯಾಗಿ ಬಾಯಿ ತೆರೆಯದಂತಾಗುತ್ತದೆ. ಹಾಡುವವರಿಗೆ ಅಲ್ಲಿಗೇ ಮುಗಿಯಿತು. ಕ್ಯಾನ್ಸರ್ ಭಯವೂ ಇದೆ. ಮೂರು ಬೆರಳು ನೆಟ್ಟಗೆ ಒಟ್ಟಿಗೆ ಬಾಯೊಳಗೆ ಹೋಗುತ್ತವಾ ಅಂತ ಇವತ್ತೇ ನೋಡಿಕೊಳ್ಳಿ. ಹೋಗದಿದ್ದರೆ ತೋರಿಸಿ. ಸಿಗರೇಟ್ ಸೇದುವವರಲ್ಲಿ ವಸಡು ಹಾಳಾದರೂ ರಕ್ತ ಕಡಿಮೆ ಕಾಣುತ್ತದೆ, "ನನಗೇನೂ ಇಲ್ಲ" ಅಂತ ಸುಮ್ನೆ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರೂ ವಸಡಿನ ಕಡೆ ಜಾಸ್ತಿ ಗಮನ ಕೊಡಿ.

ರಾಣೆಬೆನ್ನೂರಿನ ಅಣ್ಣಾರ, ಇವತ್ತು ರಾತ್ರಿಯಿಂದಲೇ ಸಾಫ್ಟ್ ಬ್ರಷ್ ತಗೊಂಡು ರಕ್ತ ಬರುವ ಜಾಗದಿಂದಲೇ ಶುರು ಮಾಡಿ. ಮೊದಲ ಕೆಲವು ದಿನ ಬರುತ್ತದೆ, ಹೆದರಬೇಡಿ. ಎರಡು ವಾರದಲ್ಲಿ ನಿಲ್ಲದಿದ್ದರೆ, ಇಲ್ಲಾ ಹಲ್ಲು ಅಲುಗಾಡಿದರೆ, ಕೀವು ಕಂಡರೆ ಹೋಗಿ ತೋರಿಸಿ. ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿಗೆ ಹೋಗುವುದಾದರೆ ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡದ ಕಡೆ ಹೋಗುವ ಚಿಗರಿ ಬಸ್ ಹತ್ತಿ. ಹೊರಡುವ ಹಿಂದಿನ ದಿನ ನನಗೆ ಒಂದು ಮೆಸೇಜ್ ಹಾಕಿ, ನಾನೂ ಜೊತೆಗೆ ಬರುತ್ತೇನೆ. ಗದಗಿನ ತಮ್ಮಾ, ನಿನ್ನ ಬೋರ್ಡಿನ ಫೋಟೋ ಹಾಕು, ರೋಸ್‌ವುಡ್ಡೋ ಮೇಪಲ್ಲೋ ನೋಡಿ ಹೇಳುತ್ತೇನೆ.